ಜೀವಕೋಶಗಳ ಸಂದೇಶ ವ್ಯವಹಾರ

ನಾಸಿಕದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಸುಮಾರಿಗೆ, ಬಳ್ಳಿಯನ್ನು ಸವರುತ್ತಾರೆ. ಅಕ್ಟೋಬರಿನ ಸವರಿಕೆಯ ತರುವಾಯ ಹೂಬಿಟ್ಟು ಕಾಯಿ ಕಟ್ಟಿದಾಗ ಗೊಂಚಲುಗಳನ್ನು ಒಂದು ದ್ರಾವಣದಲ್ಲಿ ಅದ್ದುವುದುಂಟು. ಅದರಲ್ಲಿರುವುದು ಜಿಬ್ಬರೆಲಿಕ್ ಆಮ್ಲ. ಹತ್ತು ಲಕ್ಷ ಪಾಲು ನೀರಿಗೆ ಕೆಲವು ಹತ್ತು ಪಾಲು ಮಾತ್ರ. ವಿಜಯಪುರದ ತೋಟಗಳಿಗೂ ಇದು ಹೊಸದಲ್ಲ. ಇಷ್ಟು ಅಲ್ಪವಾದ ವಸ್ತು ಕಾಯಿಯನ್ನು ಪೋಷಿಸಲಾರದು. ಆದುದರಿಂದ ಇದನ್ನು ಗೊಬ್ಬರವೆನ್ನುವುದಕ್ಕಿಂತ ಸಂದೇಶವೆನ್ನುವುದೇ ಸರಿ.

ಬೀಜವುಳ್ಳ ಹಣ್ಣಿನಲ್ಲಿ ಬೆಳೆಯುತ್ತಿರುವ ಬೀಜವೇ ಜಿಬ್ಬರೆಲಿನ್ ಮೊದಲಾದ ಚೋದಕಗಳನ್ನು ಒದಗಿಸಿ, ಸುತ್ತಣ ತಿರುಳಿನ ಕೋಶಗಳಿಗೆ ಹಿಗ್ಗುವಂತೆ ಸೂಚಿಸುತ್ತದೆ. ಥಾಮ್ಸನ್ ಸೀಡ್‌ಲೆಸ್ ಜಾತಿಯಲ್ಲಿ ಬೀಜವು ಎಳೆತನದಲ್ಲಿಯೇ ಮುರುಟಿಹೋಗುವುದರಿಂದ ಕಾಯಿ ಸಣ್ಣದಾಗಿ ಉಳಿಯುವುದು. ಬೀಜವು ಆಡಬೇಕಾಗಿದ್ದ ಮಾತನ್ನು ಬೆಳೆಗಾರನು ಹೊರಗಿನಿಂದ ಆಡುತ್ತಾನೆ.

ಈ ಮಾತು ಮೊದಲು ಕೇಳಿಬಂದುದು ಒಂದು ರೋಗದಲ್ಲಿ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಮಿತಿಮೀರಿ ಉದ್ದವಾಗಿ ಬೆಳೆದು, ಬಡಕಲಾಗಿ ಸಾಯುತ್ತಿದ್ದುವು. ರೈತರು ಇದನ್ನು 'ಮೂಢ ಸಸಿ' ಎಂದು ಕರೆಯುತ್ತಿದ್ದರು. 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ, ಇದಕ್ಕೆ ಕಾರಣ ಒಂದು ಶಿಲೀಂಧ್ರವು ಸ್ರವಿಸುವ ವಸ್ತುವೆಂದು ತೋರಿಸಿದನು. 1935ರಲ್ಲಿ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ಸಸ್ಯಗಳು ತಾವೇ ಇದನ್ನು ತಯಾರಿಸುತ್ತವೆಂಬುದು ತಿಳಿದದ್ದು ಆಮೇಲೆ. ಇಂದಿಗೂ ಮಾರುಕಟ್ಟೆಗೆ ಬರುವ ಜಿಬ್ಬರೆಲಿಕ್ ಆಮ್ಲವನ್ನು ಆ ಶಿಲೀಂಧ್ರವನ್ನು ಬೆಳೆಸಿಯೇ ಪಡೆಯುತ್ತಾರೆ.

ಸಂದೇಶದ ಅರ್ಥ ಅಣುವಿನಲ್ಲಿ ಇಲ್ಲ, ಅದನ್ನು ಓದುವ ಕೋಶದಲ್ಲಿದೆ. ಸಸ್ಯಕೋಶದಲ್ಲಿ ಬೆಳವಣಿಗೆಯನ್ನು ತಡೆಹಿಡಿದಿರುವ ಕೆಲವು ಪ್ರೋಟೀನುಗಳುಂಟು. ಜಿಬ್ಬರೆಲಿನ್ ತನ್ನ ಗ್ರಾಹಕದೊಡನೆ ಕೂಡಿದೊಡನೆ ಈ ತಡೆಗಾರ ಪ್ರೋಟೀನುಗಳು ನಾಶಗೊಳ್ಳುತ್ತವೆ. ಆ ಗ್ರಾಹಕವನ್ನು ಜಪಾನಿನವರೇ, ಅದೇ ಭತ್ತದಲ್ಲಿ, 2005ರಲ್ಲಿ ಗುರುತಿಸಿದರು. ಓದುವ ಕಾಲವೂ ಮುಖ್ಯ. ಹೂವರಳುವಾಗ ಸಿಂಪಡಿಸಿದರೆ ಇದೇ ದ್ರಾವಣವು ಗೊಂಚಲನ್ನು ವಿರಳಗೊಳಿಸುತ್ತದೆ. ಕಾಯಿ ಕಟ್ಟಿದ ಮೇಲಾದರೆ ಕಾಯಿಯನ್ನು ದಪ್ಪಗೊಳಿಸುತ್ತದೆ. ಮುಂದಿನ ಫಸಲಿನ ಮೊಗ್ಗು ರೂಪುಗೊಳ್ಳುವಾಗ ತಗುಲಿದರೆ ಗೊಂಚಲಾಗಬೇಕಾದುದು ಕುಡಿಬಳ್ಳಿಯಾಗಿಬಿಡಬಹುದು. ಬೆಳೆಗಾರನ ವರ್ಷದ ದುಡಿಮೆ ಹೀಗೆ ಕೆಲವೇ ದಿನಗಳ ಲೆಕ್ಕಾಚಾರದ ಮೇಲೆ ನಿಂತಿದೆ.

ಪ್ರಾಣಿದೇಹದಲ್ಲಿಯೂ ಕ್ರಮ ಇದೇ. ಮೇದೋಜೀರಕಾಂಗದಿಂದ ಹೊರಟ ಇನ್ಸುಲಿನ್ ಸ್ನಾಯುಕೋಶದ ಹೊರಮೈಯ ಗ್ರಾಹಕವನ್ನು ಮುಟ್ಟುತ್ತದೆ. ಒಳಗೆ ಪ್ರೋಟೀನಿನಿಂದ ಪ್ರೋಟೀನಿಗೆ ಸುದ್ದಿ ಹರಿದು ಸಕ್ಕರೆಯ ದ್ವಾರಗಳು ಹೊರಮೈಗೆ ಬರುತ್ತವೆ. ನಡುವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ಕೋಶಗಳ ಕಿವಿ ಮಂದವಾಗಿರುತ್ತದೆ.

ಇವೆರಡೂ ಒಂದೇ ದೇಹದೊಳಗಣ ಮಾತು. ಎರಡು ಬೇರೆ ಜೀವಿಗಳ ನಡುವಣ ಸಂಭಾಷಣೆಗೆ ಛತ್ರಪತಿ ಸಂಭಾಜಿನಗರದ, ಎಂದರೆ ಹಿಂದಿನ ಔರಂಗಾಬಾದಿನ, ಕಪ್ಪು ನೆಲದ ಹೊಲಗಳನ್ನು ನೋಡಬಹುದು. ಅಲ್ಲಿ ಹತ್ತಿಯ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವುದುಂಟು. ತೊಗರಿಯಂಥ ದ್ವಿದಳ ಸಸ್ಯದ ಬೇರು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಅದನ್ನು ಗ್ರಹಿಸಿದ ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಗಳು ಮರುಸಂದೇಶವಾಗಿ ಬೇರೊಂದು ಅಣುವನ್ನು ಕಳುಹಿಸುತ್ತವೆ. ಅದು ತಲಪಿದಾಗ ಬೇರಿನ ರೋಮವು ಬಾಗಿ ಅತಿಥಿಯನ್ನು ಸುತ್ತಿಕೊಳ್ಳುತ್ತದೆ. ಕ್ರಮೇಣ ಗಂಟು ಮೂಡಿ, ಗಾಳಿಯ ಸಾರಜನಕ ಸಸ್ಯದ ಆಹಾರವಾಗುತ್ತದೆ. ಬಿತ್ತುವ ಮೊದಲು ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ಬ್ಯಾಕ್ಟೀರಿಯವನ್ನು ಲೇಪಿಸುವುದು ಈ ಕಾರಣದಿಂದಲೇ. ಆದರೆ ಯೂರಿಯವನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಗಂಟುಗಳು ವಿರಳ. ಸಾರಜನಕ ಸುಲಭವಾಗಿ ದೊರೆತಾಗ ಬೇರು ಈ ಅತಿಥಿಗಳಿಗೆ ಎಡೆಕೊಡುವುದು ಕಡಮೆ.