ದೃಷ್ಟಿದೋಷವುಳ್ಳವರ ಊಟದ ತಟ್ಟೆ: ಪಾತ್ರೆ ತಯಾರಕರು ಗಮನಿಸಬೇಕಾದ ವಿನ್ಯಾಸ

ಪಾತ್ರೆ ವ್ಯಾಪಾರದಲ್ಲಿ ತಟ್ಟೆಯನ್ನು ತೂಕ, ಗೇಜು ಮತ್ತು ಹೊಳಪುಗಳಿಂದ ಅಳೆಯುವುದು ವಾಡಿಕೆ. ಕಣ್ಣು ಮಂಜಾದ ಗ್ರಾಹಕರಿಗೆ ಈ ಮೂರರಲ್ಲಿ ಹೊಳಪೇ ತೊಡಕು. ದೀಪದ ಬೆಳಕು ಸ್ಟೀಲ್ ತಟ್ಟೆಯ ಮೇಲೆ ಪ್ರತಿಫಲಿಸಿದಾಗ ಅನ್ನ ಎಲ್ಲಿ ಮುಗಿಯಿತು, ತಟ್ಟೆ ಎಲ್ಲಿ ಮುಗಿಯಿತು ಎಂಬುದು ಅವರಿಗೆ ತಿಳಿಯುವುದಿಲ್ಲ. ಅನ್ನ ಅಂಚು ದಾಟಿ ಚೆಲ್ಲುತ್ತದೆ; ಪಂಕ್ತಿಯಲ್ಲಿ ಕುಳಿತು ಉಣ್ಣಲು ಸಂಕೋಚವಾಗುತ್ತದೆ; ಕ್ರಮೇಣ ಊಟವೇ ಕಡಿಮೆಯಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 50 ಲಕ್ಷ, ಕರ್ನಾಟಕದಲ್ಲಿ ಸುಮಾರು 2.64 ಲಕ್ಷ ಮಂದಿ ದೃಷ್ಟಿದೋಷವುಳ್ಳವರಿದ್ದರು. ಪೊರೆಯಿಂದಲೋ ಸಕ್ಕರೆ ಕಾಯಿಲೆಯಿಂದಲೋ ನೋಟ ಕುಂದಿದ್ದರೂ ತಮ್ಮನ್ನು ಅಂಗವಿಕಲರೆಂದು ಹೇಳಿಕೊಳ್ಳದ ವೃದ್ಧರು ಬೇರೆ.

ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಇಂಥವರಿಗಾಗಿ ಎತ್ತರದ ಗೋಡೆಯ ತಟ್ಟೆಗಳು, ತಟ್ಟೆಯ ಅಂಚಿಗೆ ಸಿಕ್ಕಿಸುವ ತಡೆಪಟ್ಟಿಗಳು ಬಹುಕಾಲದಿಂದ ದೊರೆಯುತ್ತಿವೆ. ಆದರೆ ಅವು ಚಮಚ ಹಾಗೂ ಮುಳ್ಳುಚಮಚಗಳಿಂದ ಉಣ್ಣುವವರಿಗಾಗಿ ರೂಪಿಸಿದವು. ಅವುಗಳ ಅಚ್ಚನ್ನೇ ಇಲ್ಲಿ ನಕಲು ಮಾಡಿದರೆ ಹಣ ವ್ಯರ್ಥವಾದೀತು. ನಮ್ಮಲ್ಲಿ ಉಣ್ಣುವುದು ಕೈ. ಅದು ಬಿಸಿಯನ್ನೂ ಅಂಚನ್ನೂ ಪದಾರ್ಥವನ್ನೂ ತಾನೇ ಗುರುತಿಸುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಮುದ್ದೆ-ಸಾರಿಗೆ ಬಳಸುತ್ತ ಬಂದ ಅಂಚೆತ್ತರದ ಗಂಗಳವನ್ನು ಎದುರಿಗಿಟ್ಟುಕೊಂಡು ವಿನ್ಯಾಸವನ್ನು ಆರಂಭಿಸುವುದು ಲೇಸು.

ಇಂದಿನ ಸ್ಟೀಲ್ ತಟ್ಟೆಗಳ ಅಂಚು ಹೊರಕ್ಕೆ ಓರೆಯಾಗಿರುತ್ತದೆ. ಒಂದರೊಳಗೊಂದು ಜೋಡಿಸಲು ಇದು ಅನುಕೂಲ, ನಿಜ. ಆದರೆ ಕಲಸಿದ ಅನ್ನ ಆ ಓರೆಯನ್ನು ಹತ್ತಿ ಹೊರಬೀಳುತ್ತದೆ. ಗೋಡೆ ಬಹುಮಟ್ಟಿಗೆ ನೆಟ್ಟಗಿದ್ದರೆ ಬೆರಳುಗಳು ತುತ್ತನ್ನು ಅದಕ್ಕೆ ಒತ್ತಿ ಒಟ್ಟುಮಾಡಬಹುದು. ಸುತ್ತಲೂ ಒಂದೇ ಎತ್ತರವಿದ್ದರೆ ಮಾತ್ರ ಇನ್ನೊಂದು ತೊಂದರೆ: ಉಣ್ಣುವವರ ಕಡೆಯ ಗೋಡೆ ಮಣಿಕಟ್ಟಿಗೆ ತಗಲುತ್ತದೆ. ಆದ್ದರಿಂದ ಎದುರುಬದಿಯಲ್ಲಿ ಸುಮಾರು ಒಂದು ಅಂಗುಲ, ಉಣ್ಣುವವರ ಬದಿಯಲ್ಲಿ ಅದರ ಅರ್ಧ ಎತ್ತರವಿರುವ ಮಾದರಿಯನ್ನು ಪರೀಕ್ಷಿಸಿ ನೋಡಬೇಕು. ಗೋಡೆಯೂ ತಳವೂ ಕೂಡುವ ಮೂಲೆ ದುಂಡಗಿರಬೇಕು. ಇಲ್ಲವಾದರೆ ಬೆರಳಿಗೆ ಸಿಗದ ಅಗುಳು ತೊಳೆಯುವವರಿಗೂ ಸಿಗುವುದಿಲ್ಲ. ತಳಕ್ಕೆ ರಬ್ಬರ್ ಬಳೆ ಅಂಟಿಸಿದರೆ ತಟ್ಟೆ ಜಾರುವುದಿಲ್ಲವಾದರೂ ಬಿಸಿನೀರಿನಲ್ಲಿ ಪದೇಪದೇ ತೊಳೆಯುವ ಹಾಸ್ಟೆಲು, ದಾಸೋಹಗಳಲ್ಲಿ ಅದು ಬಹುದಿನ ಉಳಿಯಲಾರದು. ಅಗಲವಾದ, ತುಸು ಭಾರದ ತಳವೇ ಮೇಲು.

ಎತ್ತರ ತಗ್ಗುಗಳಿರುವ ತಟ್ಟೆಗೆ ದಿಕ್ಕು ಬೇಕು. ಎದುರಿನ ಅಂಚಿನ ನಡುವೆ ಬೆರಳಿಗೆ ತಾಗುವ ಒಂದು ಉಬ್ಬುಚುಕ್ಕೆ ಸಾಕು. ಪ್ರೆಸ್ ಡೈಯಲ್ಲಿಯೇ ಅದನ್ನು ಕೂಡಿಸಬಹುದು. ದೃಷ್ಟಿಯಿಲ್ಲದವರಿಗೆ ಬಡಿಸುವಾಗ ತಟ್ಟೆಯನ್ನು ಗಡಿಯಾರದಂತೆ ಭಾವಿಸಿ ‘ಮೂರು ಗಂಟೆಯ ಕಡೆ ಪಲ್ಯ’ ಎಂದು ಹೇಳುವ ಪದ್ಧತಿ ಹಲವು ದೇಶಗಳಲ್ಲಿದೆ. ಬಾಳೆಯ ಸೀಮೆಯಾದ ನಂಜನಗೂಡಿಗೆ ಈ ತತ್ತ್ವ ಹೊಸದಲ್ಲ. ಎಲೆಯ ತುದಿ ಎಡಕ್ಕೆ, ಉಪ್ಪು ಉಪ್ಪಿನಕಾಯಿ ಮೇಲಿನ ಎಡಬದಿಗೆ ಎಂಬ ಕ್ರಮ ತಪ್ಪದಿದ್ದರೆ ಕಣ್ಣು ಮುಚ್ಚಿಯೂ ಉಣ್ಣಬಹುದು.

ಬಣ್ಣದ ವಿಷಯ ಅಷ್ಟು ಸುಲಭವಲ್ಲ. ದೃಷ್ಟಿದೋಷವುಳ್ಳ ಹೆಚ್ಚಿನವರಿಗೆ ಅಲ್ಪಸ್ವಲ್ಪ ನೋಟ ಉಳಿದಿರುತ್ತದೆ. ಆಹಾರಕ್ಕೂ ತಟ್ಟೆಗೂ ಬಣ್ಣದ ಅಂತರವಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದುವರಿದ ಆಲ್‌ಜೈಮರ್ ಕಾಯಿಲೆಯ ರೋಗಿಗಳು ಬಿಳಿಯ ಬದಲು ಗಾಢ ಕೆಂಪು ಪಾತ್ರೆಗಳನ್ನು ಕೊಟ್ಟಾಗ ಶೇ. 25ರಷ್ಟು ಹೆಚ್ಚು ಆಹಾರ, ಶೇ. 84ರಷ್ಟು ಹೆಚ್ಚು ಪಾನೀಯ ಸೇವಿಸಿದರು. ಅಲ್ಲಿದ್ದವರು ಕೇವಲ 9 ಮಂದಿ ಎಂಬುದನ್ನು ಮರೆಯಬಾರದು. ಗಾಢ ನೀಲಿಯಿಂದಲೂ ಪ್ರಯೋಜನ ಕಂಡುಬಂದುದರಿಂದ ಗುಣ ಕೆಂಪಿನದಲ್ಲ, ಅಂತರದ್ದು. ನಮ್ಮ ಊಟದಲ್ಲಾದರೋ ಕಪ್ಪುಗಂದಿನ ರಾಗಿಮುದ್ದೆಯೂ ಬಿಳಿಯ ಮೊಸರನ್ನವೂ ಒಂದೇ ತಟ್ಟೆಗೆ ಬರುತ್ತವೆ. ನೀಲಿ ಬಣ್ಣದ ಆಹಾರ ವಿರಳವಾದ್ದರಿಂದ ಚಿತ್ತಾರವಿಲ್ಲದ, ಹೊಳಪಿಲ್ಲದ ನಡುನೀಲಿ ಎರಡಕ್ಕೂ ಹೊಂದೀತು. ಸ್ಟೀಲಿನಲ್ಲಾದರೆ ಒಳಮೈಗೆ ಮ್ಯಾಟ್ ಫಿನಿಷ್ ಕೊಡಬೇಕು.

ಲೋಟದ ಒಳಗೆ, ಬಾಯಿಂದ ಒಂದು ಅಂಗುಲ ಕೆಳಗೆ ಒಂದು ಉಬ್ಬುಗೆರೆ ಎಳೆದರೆ ನೀರು ತುಂಬಿದ್ದು ಬೆರಳಿಗೆ ತಿಳಿಯುತ್ತದೆ. ಬಿಸಿ ಕಾಫಿಗೆ ಈ ಉಪಾಯ ಸಲ್ಲದು. ಅಲ್ಲಿ ಚೆಲ್ಲಿದ್ದನ್ನು ಹಿಡಿದಿಡುವ ಹಳೆಯ ದಬರಿಯನ್ನು ಮೀರಿಸುವ ಸಾಧನ ಬೇಕಾಗಿಲ್ಲ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 43ನೆಯ ಪ್ರಕರಣವು ಎಲ್ಲರೂ ಬಳಸಬಲ್ಲ ಗೃಹೋಪಯೋಗಿ ವಸ್ತುಗಳ ತಯಾರಿಕೆ, ವಿತರಣೆಗಳನ್ನು ಉತ್ತೇಜಿಸುವ ಹೊಣೆಯನ್ನು ಸರಕಾರಗಳ ಮೇಲೆ ಹೊರಿಸಿದೆ. ಹಾಗೆಂದು ಪೆಟ್ಟಿಗೆಯ ಮೇಲೆ ‘ಅಂಧರ ತಟ್ಟೆ’ ಎಂದು ಮುದ್ರಿಸುವುದು ವ್ಯಾಪಾರದ ದೃಷ್ಟಿಯಿಂದ ತಪ್ಪು; ನೋಟ ಕುಂದುತ್ತಿರುವ ಹಿರಿಯರು ಅದನ್ನು ಮನೆಗೆ ಒಯ್ಯಲಾರರು. 2025ರ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ತೆರಿಗೆಗಾಗಿ ಅಂಥ ಹೆಸರಿನ ಅಗತ್ಯವೂ ಇಲ್ಲ. ಸ್ಟೀಲ್ ಪಾತ್ರೆಗಳಿಗೆ ಐಎಸ್ 14756 ಮಾನಕವಿದ್ದು, 2024ರ ಮಾರ್ಚ್ 14ರ ಗುಣಮಟ್ಟ ನಿಯಂತ್ರಣ ಆದೇಶ ಹಾಗೂ ಸಣ್ಣ ಘಟಕಗಳಿಗೆ ಅದು ಅನ್ವಯಿಸುವ ಬಗೆಯನ್ನು ಡೈ ಮಾಡಿಸುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಡೈ ಮತ್ತು ಅಚ್ಚುಗಳ ಕೆಲಸಕ್ಕೆ ಮೈಸೂರಿನಲ್ಲಿಯೇ ಜಿಟಿಟಿಸಿ ಹಾಗೂ ಸಿಪೆಟ್ ಸಂಸ್ಥೆಗಳಿವೆ.

ಮಾದರಿಯನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನೌಕರರಿಂದ ಪರೀಕ್ಷಿಸಿದರೆ ಫಲವಿಲ್ಲ. ದೃಷ್ಟಿಯಿಲ್ಲದೆ ವರ್ಷಗಟ್ಟಲೆ ಉಂಡವರ ಕೈಗೆ ಬೇರೆಯೇ ಅಭ್ಯಾಸವಿರುತ್ತದೆ. ಮೈಸೂರಿನಲ್ಲಿ ಅಂಧ ಮಕ್ಕಳ ಶಿಕ್ಷಣ 1901ರಷ್ಟು ಹಿಂದೆಯೇ ಆರಂಭವಾದುದರಿಂದ ಇಂಥ ಅನುಭವಿಗಳು ಈ ಭಾಗದಲ್ಲಿ ದುರ್ಲಭರಲ್ಲ. ಅವರನ್ನು ಸಂಭಾವನೆ ಕೊಟ್ಟು ಕರೆಸಿ, ಮುದ್ದೆ, ಸಾರನ್ನ, ಮೊಸರನ್ನಗಳ ಪೂರ್ಣ ಊಟ ಬಡಿಸಬೇಕು. ಊಟವಾದ ಮೇಲೆ ತಟ್ಟೆಯ ಸುತ್ತ ಬಿದ್ದ ಅಗುಳುಗಳನ್ನು ನೋಡಬೇಕು. ಊಟದ ನಡುವೆ ಎಡಗೈ ಅಂಚನ್ನು ಬಿಟ್ಟು ನಿಶ್ಚಿಂತೆಯಿಂದ ಮಡಿಲಿಗೆ ಇಳಿಯಿತೇ ಎಂಬುದನ್ನೂ ನೋಡಬೇಕು.