ಟಿವಿಯಲ್ಲಿ ಭೀಮಸೇನ ಜೋಶಿ
1988ರ ಆಗಸ್ಟ್ 15. ಟಿವಿ ಇದ್ದ ಮನೆಯಲ್ಲಿ ದೂರದರ್ಶನ ಬಿಟ್ಟರೆ ಬೇರೆ ಗತಿಯಿಲ್ಲ. ಅವತ್ತು ಬಂತು ಹಲವು ಭಾಷೆಗಳ ಭಾವೈಕ್ಯದ ಹಾಡು ‘ಮಿಲೇ ಸುರ್ ಮೇರಾ ತುಮ್ಹಾರಾ’.

ಹಿಂದೆ ಜಲಪಾತ, ಮುಂದೆ ನಮ್ಮ ಗದಗಿನ ಭೀಮಸೇನ ಜೋಶಿ. ವಯಸ್ಸು 66. ಭೈರವಿ ರಾಗದಲ್ಲಿ ಹಾಡು ಎತ್ತಿಕೊಡೋದು ಅವರೇ. ಗಂಟೆಗಟ್ಟಲೆ ರಾಗ ಬೆಳೆಸುವ ಗಾಯಕರಿಗೆ ಇಲ್ಲಿ ಸಿಕ್ಕಿದ್ದು ಕೆಲವೇ ಸಾಲು. ಆದರೂ ದನಿಯ ಗಾಂಭೀರ್ಯ ಒಂದಿಷ್ಟೂ ಕುಗ್ಗಿಲ್ಲ! ಸಂಗೀತ ಕಛೇರಿಯ ಮೆಟ್ಟಿಲು ಹತ್ತದವರಿಗೂ ಆ ದನಿ ತಲುಪಿದ್ದು ಹೀಗೆ. ಮುಂದೆ ಕನ್ನಡದ ಸಾಲೂ ಬರುತ್ತೆ, ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಕಾಣಿಸ್ತಾರೆ.

2008ರಲ್ಲಿ ಜೋಶಿಯವರಿಗೆ ಭಾರತರತ್ನ ಘೋಷಣೆಯಾಯ್ತು. ಆ ವಿಡಿಯೊ ಇವತ್ತೇ ಹುಡುಕಿ ನೋಡಿ, ಆಮೇಲೆ ಅವರು ಹಾಡಿದ ದಾಸರ ಪದಗಳ ‘ದಾಸವಾಣಿ’ ಕೇಳಿ.