ಪೆಟ್ಟಿಗೆಯೊಳಗೊಂದು ಹುತ್ತ

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಮಾತು ನಮ್ಮಲ್ಲಿ ಉಂಟು. ಪರರ ದುಡಿಮೆಯ ಫಲವನ್ನು ಸುಲಭವಾಗಿ ಕಬಳಿಸುವವರನ್ನು ಕುರಿತು ಆಡುವ ಮಾತಿದು. ಹಾವಿನ ಕಡೆಯಿಂದ ನೋಡಿದರೆ ಇದರಲ್ಲಿ ಬೇರೊಂದು ಸತ್ಯವೂ ಇದೆ. ಹೆಚ್ಚಿನ ಹಾವುಗಳಿಗೆ ತಾವೇ ಬಿಲ ತೋಡಲು ಬಾರದು. ಕತ್ತಲೆ, ಹದವಾದ ಬಿಸಿ, ಹದವಾದ ತೇವ, ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟು ಇವಿಷ್ಟೂ ಒಂದೇ ಕಡೆ ಸಿಗುವ ತಾಣ ಅವಕ್ಕೆ ಬೇಕು. ಅಂಥ ತಾಣದಿಂದ ಕಿತ್ತು ತಂದ ಹಾವು ಮನುಷ್ಯನ ಸಾಕುಪ್ರಾಣಿಯಾಗಿ, ಕೊನೆಗೆ ಅವನಿಗೂ ಬೇಡವಾದರೆ ಅದರ ಗತಿಯೇನು?

ಈ ಪ್ರಶ್ನೆ ದೂರದ ದೇಶಗಳದ್ದು ಮಾತ್ರವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನನ್ನು ಸುಂಕದ ಅಧಿಕಾರಿಗಳು ತೆರೆದಾಗ 78 ಪ್ರಾಣಿಗಳು ಸಿಕ್ಕವು. ಆರು ಕಪುಚಿನ್ ಕೋತಿಗಳು ಸತ್ತೇ ಹೋಗಿದ್ದವು. ಜೀವಂತವಿದ್ದವುಗಳಲ್ಲಿ 17 ಕಾಳಿಂಗ ಸರ್ಪಗಳು; ಉಳಿದ 55 ಬಣ್ಣಬಣ್ಣದ ಬಾಲ್ ಪೈಥಾನ್‌ಗಳು.

ಬಾಲ್ ಪೈಥಾನ್ ಆಫ್ರಿಕಾದ ಪುಟ್ಟ ಹೆಬ್ಬಾವು. ಬೆಳೆದರೆ ಮೂರರಿಂದ ಐದು ಅಡಿ, ವಿಷವಿಲ್ಲ. ಹೆದರಿದಾಗ ಕಚ್ಚಲು ಬರುವುದಕ್ಕಿಂತ ಹೆಚ್ಚಾಗಿ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಿನಂತೆ ಮುದುಡಿಕೊಳ್ಳುತ್ತದೆ. ಹೆಸರು ಬಂದದ್ದು ಅದರಿಂದಲೇ. ಬ್ರಿಟನ್ನಿನಲ್ಲಿ ಇದನ್ನು ರಾಯಲ್ ಪೈಥಾನ್ ಎನ್ನುತ್ತಾರೆ. ಹುಲ್ಲುಗಾವಲಿನಲ್ಲಿ ಇಲಿಯ ಬಿಲ, ಗೆದ್ದಲಿನ ಹುತ್ತಗಳೇ ಇದರ ಮನೆ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಇದಕ್ಕೊಂದು ಗುಡಿಯೇ ಇದೆ. ದಾಂಗ್ಬೆ ಎಂಬ ದೈವದ ರೂಪವೆಂದು ಅಲ್ಲಿಯ ವೊಡುನ್ ಪಂಥದವರು ಇದನ್ನು ಕೊಲ್ಲುವುದಿಲ್ಲ. ಹುತ್ತಕ್ಕೆ ತನಿ ಎರೆಯುವ ನಮ್ಮ ನಾಡಿನವರಿಗೆ ಈ ಭಾವನೆ ಅಪರಿಚಿತವೇನಲ್ಲ.

ವಿಪರ್ಯಾಸವೆಂದರೆ, ಈ ಹಾವು ಲೋಕದ ಸಾಕುಪ್ರಾಣಿ ಪೇಟೆಗೆ ಬಂದದ್ದೂ ಅದೇ ಬೆನಿನ್, ಟೋಗೊ, ಘಾನಾಗಳಿಂದ. ಬಸುರಿ ಹಾವುಗಳನ್ನು ಬಿಲದಿಂದ ಹಿಡಿದು ತಂದು, ಮೊಟ್ಟೆ ಇಡಿಸಿ, ಮರಿಗಳನ್ನು ಹೊರದೇಶಗಳಿಗೆ ಕಳಿಸುವ ವ್ಯಾಪಾರ ಅಲ್ಲಿ ಬೆಳೆಯಿತು. 1992ರಲ್ಲಿ ಅಮೆರಿಕದಲ್ಲಿ ಬಿಳಿಚು ಬಣ್ಣದ ಮರಿಗಳನ್ನು ಬಂಧನದಲ್ಲೇ ಹುಟ್ಟಿಸಿದ ಮೇಲಂತೂ ಹೊಸ ಹೊಸ ಬಣ್ಣದ ತಳಿಗಳ ಹುಚ್ಚು ಹತ್ತಿತು. ಬಣ್ಣಕ್ಕೆ ಬೆಲೆಯೂ ತೆರಬೇಕಾಯಿತು. 'ಸ್ಪೈಡರ್' ಎಂಬ ತಳಿಯ ಹಾವುಗಳಲ್ಲಿ ಆ ಚಿತ್ತಾರದ ಜೊತೆಗೇ ತಲೆ ತೂರಾಡುವ ನರದೋಷವೂ ಹುಟ್ಟಿನಿಂದ ಬರುತ್ತದೆ.

ಹಾವಿನ ಹಗೆ ಹನ್ನೆರಡು ವರ್ಷ ಎಂಬುದು ಗಾದೆ. ಹಗೆಯ ಮಾತು ಹೇಗೇ ಇರಲಿ, ಬಾಲ್ ಪೈಥಾನಿನ ಆಯುಸ್ಸು ಅದಕ್ಕಿಂತ ಬಹಳ ದೊಡ್ಡದು. ಒಳ್ಳೆಯ ಆರೈಕೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣು ಹಾವೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು! ಹದಿಹರೆಯದ ಹುಡುಗ ಆಸೆಪಟ್ಟು ತಂದ ಹಾವು ಅವನು ಓದು ಮುಗಿಸಿ, ಮದುವೆಯಾಗಿ, ಮಕ್ಕಳು ಬೆಳೆದ ಮೇಲೂ ಇರುತ್ತದೆ. ಈ ಲೆಕ್ಕ ಹಾಕದೆ ಕೊಂಡವರೇ ಮುಂದೆ ಅದನ್ನು ಕೈಬಿಡುತ್ತಾರೆ. 1824ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಪ್ರಾಣಿದಯಾ ಸಂಘ, ಆರ್‌ಎಸ್‌ಪಿಸಿಎ, ಇಂಥ ಹಾವುಗಳನ್ನು ಕಾಪಾಡಿ ಹೊಸ ಮನೆಗೆ ದತ್ತು ಕೊಡುತ್ತದೆ.

ಕಾಡಿಗೇ ಬಿಟ್ಟರಾಗದೇ ಎಂದು ಕೇಳಬಹುದು. ಆಗದು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶ ಇದಕ್ಕೆ ಉತ್ತರ ಹೇಳುತ್ತದೆ. ಸಾಕಿದವರು ಬಿಟ್ಟ, ಸಾಕಣೆಯಿಂದ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಲ್ಲಿ ಸಂಸಾರ ಹೂಡಿವೆ ಎಂಬುದು 2000ದ ಹೊತ್ತಿಗೆ ಖಚಿತವಾಯಿತು. ಅವು ಅಲ್ಲಿಯ ಸಣ್ಣ ಪ್ರಾಣಿಗಳನ್ನು ತಿಂದು ವಿರಳಗೊಳಿಸಿದ್ದಷ್ಟೇ ಅಲ್ಲ. ಅವುಗಳ ಜೊತೆ ಬಂದ ಶ್ವಾಸಕೋಶದ ಪರೋಪಜೀವಿಯೊಂದು ಆ ನೆಲದ ಹಾವುಗಳಿಗೂ ಅಂಟಿತು. ಪರದೇಶದ ಹಾವನ್ನು ನಮ್ಮ ಕಾಡಿಗೆ ಬಿಡುವುದು ದಯೆಯಲ್ಲ, ಇನ್ನೊಂದು ಅಪಾಯಕ್ಕೆ ದಾರಿ. ಆದ್ದರಿಂದ ಅದಕ್ಕೆ ಉಳಿಯುವುದು ಪೆಟ್ಟಿಗೆಯೇ. ಆ ಪೆಟ್ಟಿಗೆ ಎಷ್ಟು ಮಟ್ಟಿಗೆ ಹುತ್ತವಾಗಬಲ್ಲದು ಎಂಬುದೇ ಮುಖ್ಯ.

ಹಾವಿನ ದೇಹ ನಮ್ಮಂತೆ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುವುದಿಲ್ಲ. ಬೇಕೆನಿಸಿದಾಗ ಬಿಸಿಲಿಗೆ, ಸಾಕೆನಿಸಿದಾಗ ನೆರಳಿಗೆ ಸರಿದು ಹದ ಮಾಡಿಕೊಳ್ಳುತ್ತದೆ. ಹೀಗಾಗಿ ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25-26 ಡಿಗ್ರಿ ಇರಬೇಕು. ಬೆಳೆದ ಹಾವಿಗೆ ನಾಲ್ಕಡಿ ಉದ್ದದ ಪೆಟ್ಟಿಗೆಯಾದರೂ ಬೇಕು. ಮೈಚಾಚಲು ಅದಕ್ಕೆ ಸಾಧ್ಯವಾಗಬೇಕು. ಎರಡು ತುದಿಗಳಲ್ಲೂ ಅಡಗುದಾಣ ಒಂದೊಂದು. ಒಂದೇ ಇದ್ದರೆ ಬಿಸಿ ಬೇಕೋ, ರಕ್ಷಣೆ ಬೇಕೋ ಎಂಬ ಇಕ್ಕಟ್ಟಿಗೆ ಹಾವು ಸಿಕ್ಕುತ್ತದೆ. ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸಿದರೆ ತೇವ ನಿಲ್ಲುತ್ತದೆ. ತೇವ ಕಡಿಮೆಯಾದರೆ ಪೊರೆ ತುಂಡುತುಂಡಾಗಿ ಕಳಚಿ, ಕಣ್ಣಿನ ಮೇಲಿನ ಪೊರೆ ಅಲ್ಲೇ ಉಳಿದುಬಿಡುತ್ತದೆ. ಅತಿಯಾದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಬಿಸಿ ಕೊಡುವ ದೀಪಕ್ಕೆ ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್, ಬಾಗಿಲಿಗೆ ಬೀಗ ಎರಡೂ ಕಡ್ಡಾಯ. ಹಾವು ಸುಟ್ಟುಕೊಳ್ಳುವುದೂ ತಪ್ಪಿಸಿಕೊಳ್ಳುವುದೂ ಇವೆರಡರ ಕೊರತೆಯಿಂದಲೇ ಹೆಚ್ಚು.

ಕಾಪಾಡಿ ತಂದ ಹಾವಿನ ಆರೈಕೆಯಲ್ಲಿ ಮೊದಲ ಮದ್ದು ಸುಮ್ಮನಿರುವುದು. ಒಂದು ವಾರ ಮುಟ್ಟದೆ, ಆಹಾರ ಒಡ್ಡದೆ, ಬಟ್ಟಲಲ್ಲಿ ಶುದ್ಧ ನೀರಿಟ್ಟು ಬಿಡಬೇಕು. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಒಂದರಿಂದ ಮೂರು ತಿಂಗಳು ಪ್ರತ್ಯೇಕವಾಗಿ ಇಡುತ್ತಾರೆ. ಹುರುಪೆಗಳ ಸಂದಿಯಲ್ಲಿ ರಕ್ತ ಹೀರುವ ಕಪ್ಪು ನುಸಿ, ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ನೊರೆ ಕಂಡರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಆಹಾರವಾಗಿ ಕೊಡುವುದು ಶೀತಲಪೆಟ್ಟಿಗೆಯಲ್ಲಿಟ್ಟು ಕರಗಿಸಿದ ಸತ್ತ ಇಲಿಯನ್ನು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸುವುದುಂಟು. ಬೆಳೆದ ಹಾವಿಗೆ ಎರಡು ಮೂರು ವಾರಕ್ಕೊಮ್ಮೆ ಒಂದು ಇಲಿ ಸಾಕು. ತಿಂದ ಮೇಲೆ ಎರಡು ದಿನ ಎತ್ತಬಾರದು, ಎತ್ತಿದರೆ ಕಕ್ಕಿಬಿಡುತ್ತದೆ. ತಿಂಗಳುಗಟ್ಟಲೆ ಉಪವಾಸ ಕೂರುವುದು ಇದರ ಸ್ವಭಾವ. ತೂಕ ಇಳಿಯದಿದ್ದರೆ ಗಾಬರಿ ಬೇಡ. ಹಾವನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು. ಸಾಲ್ಮೊನೆಲ್ಲಾ ರೋಗಾಣು ಅದರ ಮೈಯಲ್ಲಿ ಇರಬಹುದು.

ಹಾಲು? ಯಾವ ಹಾವಿನ ಆಹಾರವೂ ಅದಲ್ಲ. ನಾಗರಪಂಚಮಿಯಂದು ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿದಂತೆ ಕಂಡರೆ, ದಿನಗಟ್ಟಲೆ ನೀರಿಲ್ಲದೆ ಬಳಲಿದ ಪ್ರಾಣಿ ಸಿಕ್ಕ ದ್ರವಕ್ಕೆ ಬಾಯಿ ಹಾಕಿದೆ ಎಂದೇ ಅರ್ಥ.

ನಮ್ಮ ಕಾನೂನು ಇಲ್ಲಿ ಎರಡು ಗೆರೆ ಎಳೆಯುತ್ತದೆ. ನಾಗರ, ಕೇರೆ, ಹೆಬ್ಬಾವು ಮೊದಲಾದ ಈ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮನೆಗೆ ಬಂದ ಹಾವನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ ಹಿಡಿಸಿ, ಅದರ ನೆಲೆಗೇ ಬಿಡಿಸುವುದು ಸರಿಯಾದ ದಾರಿ. ವಿದೇಶಿ ಹಾವುಗಳ ವಿಷಯ ಬೇರೆ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ನಂತರ ಇಂಥವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ವರದಿ ಮಾಡಬೇಕು. ಕಾಗದಪತ್ರವಿಲ್ಲದ ಹಾವನ್ನು 'ಪಾಪ' ಎಂದು ದುಡ್ಡು ಕೊಟ್ಟು ತಂದರೆ ಒಂದು ಹಾವು ಉಳಿಯಬಹುದು, ಆದರೆ ಕಳ್ಳಸಾಗಣೆದಾರ ಆ ದುಡ್ಡಿನಲ್ಲಿ ಇನ್ನೆರಡನ್ನು ತರುತ್ತಾನೆ.

ಹಾವು ನಾಯಿಯಂತೆ ಬಾಲ ಅಲ್ಲಾಡಿಸದು, ಹೆಸರು ಹಿಡಿದು ಕರೆದರೆ ಬಾರದು. ಸಾಕಿದವರ ಗುರುತು ಹಿಡಿದು ಋಣ ತೀರಿಸುವ ಪ್ರಾಣಿಯೂ ಅಲ್ಲ. ಅದನ್ನು ಕಾಡಿನಿಂದ ತಂದದ್ದು, ಅದರ ಬಣ್ಣ ಬದಲಿಸಿದ್ದು, ಮರಳಿ ಹೋಗದಂತೆ ಮಾಡಿದ್ದು ಮನುಷ್ಯ. ಋಣ ಇರುವುದು ಅವನ ಮೇಲೆ. ಕತ್ತಲೆ, ಬಿಸಿ, ತೇವ, ಇಕ್ಕಟ್ಟು ಇವನ್ನು ಮೂವತ್ತು ವರ್ಷ ತಪ್ಪದೆ ಕೊಡುವ ಮನಸ್ಸಿದ್ದವರು ಮಾತ್ರ ದತ್ತು ಎಂಬ ಮಾತನ್ನು ಆಡಬಹುದು.